ಪದಚರ್ಚೆ: ‘ಸಾಪೇಕ್ಷ ಪಥ’ ಎಂದರೆ ಎಲ್ಲಿಂದ ಪಥ?

ಪ್ರಶ್ನೆ: ಜಾವಾ ವೆಬ್ ಅಪ್ಲಿಕೇಶನ್ ಕುರಿತ ಕೈಪಿಡಿಯಲ್ಲಿ ‘ರಿಲೇಟಿವ್ ಪಾತ್’ (ಯಾವುದೋ ಒಂದು ಜಾಗದಿಂದ ಎಣಿಸುವ ಫೈಲಿನ ಹಾದಿ), ‘ಅಬ್ಸಲ್ಯೂಟ್ ಪಾತ್’ (ಬುಡದಿಂದ ಪೂರ್ತಿ ಹೇಳಿದ ಹಾದಿ)ಗಳಿಗೆ ‘ಸಾಪೇಕ್ಷ ಪಥ’, ‘ನಿರಪೇಕ್ಷ ಪಥ’ ಎಂದರೆ ಸಾಕೇ? ‘ರಿಯಲ್ ಪಾತ್’ಗೆ ಏನೆನ್ನುವುದು?

ಉತ್ತರ: ಪದಗಳು ತಪ್ಪಲ್ಲ, ಆದರೆ ಸಾಲವು. ‘ಅಪೇಕ್ಷೆ’ ಎಂದೊಡನೆ ಕನ್ನಡಿಗರಿಗೆ ಬಯಕೆಯೇ ನೆನಪಾಗುತ್ತದೆ. ‘ಇನ್ನೊಂದನ್ನು ಅವಲಂಬಿಸಿದ್ದು’ ಎಂಬ ಅರ್ಥ ಹೊಳೆದರೂ, ಯಾವುದನ್ನು ಎಂಬುದು ತಿಳಿಯುವುದಿಲ್ಲ. ಜಾವಾದಲ್ಲಿ ಎಡವುವುದು ಅಲ್ಲೇ.

‘ಡೇಟಾ/ಪಟ್ಟಿ’ ಎಂಬ ಹಾದಿಯನ್ನೇ ನೋಡಿ. ಫೈಲ್ ಕ್ಲಾಸಿಗೆ ಕೊಟ್ಟರೆ ಎಣಿಕೆ ‘ಯೂಸರ್.ಡಿರ್’ನಿಂದ, ಅಂದರೆ ಜೆವಿಎಂ (ಜಾವಾ ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶ) ಯಾವ ಫೋಲ್ಡರಿನಲ್ಲಿ ಶುರುವಾಯಿತೋ ಅಲ್ಲಿಂದ. ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟನ್ನು ಅದರ ಬಿನ್ ಫೋಲ್ಡರಿನೊಳಗೆ ನಿಂತು ಕೈಯಾರೆ ಶುರುಮಾಡಿದಾಗ ಸಿಕ್ಕ ಫೈಲು, ಸರ್ವೀಸ್ ಆಗಿ (ಕಂಪ್ಯೂಟರ್ ತಾನೇ ಹಿನ್ನೆಲೆಯಲ್ಲಿ ನಡೆಸುವಂತೆ) ಓಡಿಸಿದಾಗ ಸಿಗದಿರುವುದು ಇದರಿಂದಲೇ. ಅದೇ ಹಾದಿಯನ್ನು ಕ್ಲಾಸ್‌ನ ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್‌ಗೆ ಕೊಟ್ಟರೆ (ಅದು ಫೈಲನ್ನು ಓದಲು ತೆರೆದುಕೊಡುವ ಮೆಥಡ್) ಆ ಕ್ಲಾಸಿನ ಪ್ಯಾಕೇಜಿನಿಂದ, ಅಂದರೆ ಕ್ಲಾಸ್ ಸೇರಿರುವ ಗುಂಪಿನ ಫೋಲ್ಡರಿನಿಂದ ಎಣಿಕೆ. ಮುಂದೆ ‘/’ ಹಾಕಿದರೆ ಕ್ಲಾಸ್‌ಪಾತಿನ (ಜಾವಾ ಕ್ಲಾಸುಗಳನ್ನು ಹುಡುಕುವ ಜಾಗಗಳ) ಬುಡದಿಂದ. ಕ್ಲಾಸುಗಳನ್ನು ಹುಡುಕಿ ತರುವ ಕ್ಲಾಸ್‌ಲೋಡರ್‌ನಲ್ಲಿ ಇದೇ ಹೆಸರಿನ ಮೆಥಡ್ ಯಾವಾಗಲೂ ಬುಡದಿಂದಲೇ ಹುಡುಕುತ್ತದೆ, ಅಲ್ಲಿ ಮುಂದೆ ‘/’ ಹಾಕಿದರೆ ಸಾಮಾನ್ಯವಾಗಿ ನಲ್ (‘ಏನೂ ಇಲ್ಲ’ ಎಂಬ ಉತ್ತರ) ಬರುತ್ತದೆ. ವೆಬ್ ಅಪ್ಲಿಕೇಶನ್ನಿಗೆ ಸರ್ವರ್ ಜೊತೆ ಮಾತಾಡಲು ಇರುವ ಸರ್ವ್‌ಲೆಟ್‌ಕಾಂಟೆಕ್ಸ್ಟ್‌ಗೆ ‘/’ ಇಲ್ಲದೆ ಆಗದು. ಆದರೆ ಅದು ಡಿಸ್ಕಿನ ಬುಡವಲ್ಲ, ಅಪ್ಲಿಕೇಶನ್ನಿನ ಬುಡ.

ಹಾಗಾಗಿ ‘/’ ಕಂಡಲ್ಲೆಲ್ಲ ‘ನಿರಪೇಕ್ಷ’ ಎನ್ನಲಾಗದು. ಲಿನಕ್ಸ್‌ನಲ್ಲಿ ‘/ಡೇಟಾ’ವನ್ನು ಈಸ್‌ಅಬ್ಸಲ್ಯೂಟ್ (ಹಾದಿ ನಿರಪೇಕ್ಷವೇ ಎಂದು ಹೇಳುವ ಮೆಥಡ್) ಒಪ್ಪುತ್ತದೆ. ವಿಂಡೋಸ್‌ನಲ್ಲಿ ಒಪ್ಪುವುದಿಲ್ಲ, ಅಲ್ಲಿ ಡ್ರೈವ್ ಅಕ್ಷರವೂ ಬೇಕು.

ನನ್ನ ಸಲಹೆ: ‘ಇಂದ’ ಪ್ರತ್ಯಯವನ್ನೇ ದುಡಿಸಿಕೊಳ್ಳಿ. ‘ಪ್ಯಾಕೇಜಿನಿಂದ ಹಾದಿ’, ‘ಅಪ್ಲಿಕೇಶನ್ ಬುಡದಿಂದ ಹಾದಿ’, ‘ಶುರುವಾದ ಫೋಲ್ಡರಿನಿಂದ ಹಾದಿ’. ಉದ್ದವಾದರೂ ಓದುಗನಿಗೆ ಊಹಿಸುವ ಕಷ್ಟವಿಲ್ಲ. ಯಾವುದರಿಂದ ಎಂಬುದು ಮುಖ್ಯವಲ್ಲದ ಕಡೆ ‘ಸಾಪೇಕ್ಷ’ ಇರಲಿ.

‘ರಿಯಲ್ ಪಾತ್’ಗೆ ಒಂದೇ ಪದ ಬೇಡ, ಏಕೆಂದರೆ ಅದು ಎರಡು ಬೇರೆ ಸಂಗತಿಗಳ ಹೆಸರು. ಪಾತ್‌ನ ಟುರಿಯಲ್‌ಪಾತ್ ಸಿಂಬಾಲಿಕ್ ಲಿಂಕುಗಳನ್ನು (ಬೇರೊಂದು ಫೈಲಿನತ್ತ ಬೊಟ್ಟುಮಾಡುವ ಹೆಸರುಗಳನ್ನು) ಬಿಡಿಸಿ ಅಸಲು ಫೈಲಿನ ಹಾದಿ ಕೊಡುತ್ತದೆ, ಫೈಲೇ ಇಲ್ಲದಿದ್ದರೆ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುತ್ತದೆ: ಇದು ‘ಲಿಂಕ್ ಬಿಡಿಸಿದ ಹಾದಿ’. ಸರ್ವ್‌ಲೆಟ್‌ಕಾಂಟೆಕ್ಸ್ಟ್‌ನ ಗೆಟ್‌ರಿಯಲ್‌ಪಾತ್ ಕೊಡುವುದು ‘ಡಿಸ್ಕಿನಲ್ಲಿರುವ ಜಾಗ’. ವಾರ್ ಫೈಲನ್ನು (ಇಡೀ ವೆಬ್ ಅಪ್ಲಿಕೇಶನ್ನನ್ನು ಕಟ್ಟಿಟ್ಟ ಒಂದೇ ಫೈಲು) ಬಿಚ್ಚದೆ ಓಡಿಸಿದರೆ ಡಿಸ್ಕಿನಲ್ಲಿ ಅಂಥ ಜಾಗವೇ ಇರುವುದಿಲ್ಲ, ನಲ್ ಬರುತ್ತದೆ. ‘ನಿಜ ಪಥ’ ಎಂದು ಅನುವಾದಿಸಿದರೆ ಅದು ಸದಾ ಇದ್ದೇ ಇರುತ್ತದೆಂದು ಓದುಗ ನಂಬುತ್ತಾನೆ. ಅಪ್‌ಲೋಡ್ ಆದ ಫೈಲುಗಳನ್ನೂ ಅಲ್ಲೇ ಬರೆಯಹೋಗುತ್ತಾನೆ. ಬಿಚ್ಚಿದ್ದರೂ ಮುಂದಿನ ಡಿಪ್ಲಾಯ್‌ನಲ್ಲಿ (ಅಪ್ಲಿಕೇಶನ್ನನ್ನು ಸರ್ವರಿಗೆ ಮತ್ತೆ ಹಾಕುವಾಗ) ಆ ಫೋಲ್ಡರ್ ಅಳಿಸಿಹೋಗಬಹುದು. ಓದುವುದಕ್ಕೆ ಸ್ಟ್ರೀಮ್ (ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್ ಕೊಡುವಂಥದ್ದು), ಬರೆಯುವುದಕ್ಕೆ ಕಾನ್ಫಿಗರೇಶನ್‌ನಲ್ಲಿ ಕೊಟ್ಟ ಹೊರಗಿನ ಫೋಲ್ಡರ್ ಎಂಬ ಮಾತನ್ನು ಆ ಪದದ ಪಕ್ಕದಲ್ಲೇ ಸೇರಿಸಿ.