ಅಪ್‌ಡೇಟ್: ಕರೆಂಟ್ ಡ್ರಿಲ್ ಇಲ್ಲದೆ ಹಲಸಿನ ಹಲಗೆಗೆ ತೂತು, ಕೊನೆಗೂ ಆಯ್ತು

ಬಟ್ಟೆ ನೇತುಹಾಕೋ ಗೂಟ ಕೂರಿಸೋಕೆ ಹಲಸಿನ ಹಲಗೆಗೆ 12 ಮಿ.ಮೀ. ತೂತು ಬೇಕು, ಇರೋದು ಕೈಬೈರಿಗೆ ಮಾತ್ರ, ಕೊರೆದಾಗೆಲ್ಲ ಹಿಂಬದಿ ಸಿಬಿರು ಏಳ್ತಿದೆ ಅಂತ ಕೇಳಿದ್ದೆನಲ್ಲ, ಈಗ ಗೂಟಗಳು ಗಟ್ಟಿಯಾಗಿ ಕೂತಿವೆ.

ಕೆಲಸಕ್ಕೆ ಬಂದದ್ದು ‘ಎರಡೂ ಕಡೆಯಿಂದ ಕೊರೀರಿ’ ಅಂದವರ ಸಲಹೆ. ಮುಂಬದಿಯಿಂದ ತಿರುಗಿಸ್ತಾ ಹೋಗಿ, ಬೈರಿಗೆಯ ತುದಿಯಲ್ಲಿರೋ ಸ್ಕ್ರೂ ಮೊನೆ ಹಿಂದುಗಡೆ ಚೂರೇ ಚೂರು ಇಣುಕಿದ ತಕ್ಷಣ ನಿಲ್ಲಿಸಬೇಕು. ಉಲ್ಟಾ ತಿರುಗಿಸಿ ಹೊರಗೆ ತೆಗೆದು, ಹಲಗೆ ಮಗುಚಿ, ಅದೇ ಸಣ್ಣ ತೂತಿಗೆ ಮೊನೆ ಇಟ್ಟು ಮತ್ತೆ ಕೊರೀಬೇಕು. ಎರಡೂ ಮುಖದ ಅಂಚು ನೀಟಾಗಿ ಬರುತ್ತೆ. ಯಾರೂ ಹೇಳದೇ ಇದ್ದ ವಿಷಯ ಒಂದಿದೆ: ಈ ಎರಡನೇ ಸಲ ಮೊನೆಗೆ ಕಚ್ಚೋಕೆ ಮರ ಇರಲ್ಲ, ಬೈರಿಗೆ ತಾನಾಗೇ ಒಳಗೆ ಎಳ್ಕೊಳ್ಳಲ್ಲ. ಮೈಭಾರ ಹಾಕಿ ಒತ್ತಲೇಬೇಕು. ಕೊನೆಗೆ ತೆಳ್ಳನೆ ಹಳದಿ ಬಿಲ್ಲೆಯೊಂದು ಮೊನೆಗೆ ಸಿಕ್ಕಿಕೊಂಡು ಬಂತು, ನೋಡೋಕೆ ಮಜಾ.

ಸಿಬಿರು ಏಳದ ಹಾಗೆ ಹಲಗೆಯ ಹಿಂಬದಿಗೆ ಒಂದು ರದ್ದಿ ಹಲಗೆ ಬಿಗೀರಿ ಅಂತ ಕೆಲವರು ಹೇಳಿದ ಉಪಾಯವೂ ತಪ್ಪೇನಲ್ಲ. ನನ್ನ ಹಲಗೆ ಬಾಗಿರೋದ್ರಿಂದ ನಡುವೆ ಸಂದು ಉಳಿದು, ಅಲ್ಲೇ ಸಿಬಿರೆದ್ದಿತು. ಹಲಗೆ ಸಮ ಇದ್ದವರು ಮಾಡಿ ನೋಡಿ.

ಕಾಯಿಸಿದ ಕಬ್ಬಿಣದ ಸರಳಿಂದ ಸುಟ್ಟು ತೂತು ಮಾಡೋದು ಮಾತ್ರ ಬೇಡವೇ ಬೇಡ. ಮನೆ ತುಂಬ ಹೊಗೆ, ತೂತು ಸೊಟ್ಟ, ಅಂಚೆಲ್ಲ ಇದ್ದಿಲು, ಗೂಟ ಲೊಡಲೊಡ.

ಹಾಂ, ಬೈರಿಗೆ ನೆಟ್ಟಗಿದೆಯಾ ಅಂತ ನೋಡೋಕೆ ಮೂಲೆಮಟ್ಟವನ್ನ (ಬಡಗಿಗಳು ಲಂಬಕೋನ ನೋಡೋ L ಆಕಾರದ ಪಟ್ಟಿ) ಪಕ್ಕದಲ್ಲಿ ನಿಲ್ಲಿಸಿ, ಒಮ್ಮೆ ಎದುರಿಂದ, ಒಮ್ಮೆ ಬದಿಯಿಂದ. ಒಂದೇ ಕಡೆಯಿಂದ ನೋಡಿದ್ರೆ ಇನ್ನೊಂದು ಕಡೆಗೆ ವಾಲಿರೋದು ಗೊತ್ತೇ ಆಗಲ್ಲ.