ಒಂದೇ ಸಿಗ್ನಲ್, ಎರಡು ಫ್ರೀಕ್ವೆನ್ಸಿ ಕೌಂಟರ್, ಎರಡು ಉತ್ತರ: ಯಾವುದನ್ನು ನಂಬೋದು?

ಪ್ರಶ್ನೆ: ಪಾಲಿಟೆಕ್ನಿಕ್ ಉಪನ್ಯಾಸಕಿ, ಕಲಬುರಗಿ

ನಮ್ಮ ಲ್ಯಾಬಿನಲ್ಲಿ ಎರಡು ಫ್ರೀಕ್ವೆನ್ಸಿ ಕೌಂಟರ್ (ಸಿಗ್ನಲ್ ಸೆಕೆಂಡಿಗೆ ಎಷ್ಟು ಸೈಕಲ್ ಅಂತ ಎಣಿಸುವ ಉಪಕರಣ) ಇವೆ. ಒಂದು ಹಳೆಯದು, ಇನ್ನೊಂದು ಎಂಟಂಕಿ ಡಿಸ್‌ಪ್ಲೇ ಇರುವ ಹೊಸದು. ಒಂದೇ 10 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ (ಕ್ವಾರ್ಟ್ಜ್ ಹರಳಿನಿಂದ ಸಿಗ್ನಲ್ ಹುಟ್ಟಿಸುವ ಸರ್ಕ್ಯೂಟ್) ಕೊಟ್ಟರೆ ಹಳೆಯದು 1,00,00,037 ಹರ್ಟ್ಸ್ ಅನ್ನುತ್ತದೆ, ಹೊಸದು 99,99,962. ಬೇಸಿಗೆಯಲ್ಲಿ ಅಂತರ ಇನ್ನೂ ಹೆಚ್ಚುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ 50 ಹರ್ಟ್ಸ್ ಕೊಟ್ಟರೆ ಹಳೆಯದರಲ್ಲಿ ಒಮ್ಮೆ 49, ಒಮ್ಮೆ 50. "ಯಾವುದು ಸರಿ ಮೇಡಂ?" ಅಂತ ಹುಡುಗರು ಕೇಳುತ್ತಾರೆ. ಕ್ಯಾಲಿಬ್ರೇಶನ್‌ಗೆ ದುಡ್ಡು ಕೇಳುವ ಮೊದಲು, ಕೈಯಾರೆ ಬಳಸಿದವರು ಹೇಳಿ: ಇದು ಸಹಜವೇ? ಇಲ್ಲೇ ಏನಾದರೂ ಮಾಡಬಹುದೇ?

ಹ್ಯಾಮ್ ರೇಡಿಯೊ ಹವ್ಯಾಸಿ, ಬೀದರ್

ಸಹಜ, ಮೇಡಂ. ಹರ್ಟ್ಸ್ ಬಿಟ್ಟು ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು) ಲೆಕ್ಕದಲ್ಲಿ ನೋಡಿ. ಒಂದು ಕೋಟಿಗೆ 75ರ ಅಂತರ ಅಂದರೆ 7.5 ಪಿಪಿಎಂ. ಸಾದಾ ಕ್ರಿಸ್ಟಲ್ ಟೈಮ್‌ಬೇಸ್ (ಸಮಯ ಅಳೆಯುವ ಒಳಗಿನ ಕ್ಲಾಕ್) ಇರುವ ಕೌಂಟರ್ ಐದಾರು ಪಿಪಿಎಂ ತಪ್ಪುವುದು ದೊಡ್ಡ ಮಾತಲ್ಲ, ಇಲ್ಲಿ ಎರಡೂ ಒಂದೊಂದು ಕಡೆಗೆ ಜಾರಿರಬಹುದು. ನಿಮ್ಮ ಆಸಿಲೇಟರ್ ಕೂಡ ಸರಿಯಾಗಿ 10 ಮೆಗಾಹರ್ಟ್ಸ್ ಇರಬೇಕೆಂದೇನಿಲ್ಲ. ಹಾಗಾಗಿ ಇಲ್ಲಿ ಗೊತ್ತಿಲ್ಲದ್ದು ಎರಡಲ್ಲ, ಮೂರು.

ಅಂಕಿ ಎಷ್ಟು ಕಾಣುತ್ತವೆ ಅನ್ನೋದು ಗೇಟ್ ಟೈಮ್‌ಗೆ, ಅಂದರೆ ಕೌಂಟರ್ ಎಷ್ಟು ಹೊತ್ತು ಎಣಿಸುತ್ತದೆ ಅನ್ನೋದಕ್ಕೆ ಸೇರಿದ್ದು. ಅವು ಎಷ್ಟು ನಿಜ ಅನ್ನೋದು ಟೈಮ್‌ಬೇಸ್‌ಗೆ ಸೇರಿದ್ದು. ಗೇಟನ್ನು 1 ಸೆಕೆಂಡ್‌ನಿಂದ 10 ಸೆಕೆಂಡ್‌ಗೆ ಒಯ್ದರೆ ದಶಾಂಶದ ನಂತರ ಇನ್ನೊಂದು ಅಂಕಿ ಸಿಗುತ್ತದೆ, ಆದರೆ ಆ 37 ಎಲ್ಲಿಗೂ ಹೋಗಲ್ಲ. ಅಂಗಡಿಯವರು ಎಂಟಂಕಿ ತೋರಿಸಿ ಮಾರೋದು ಇದನ್ನು ಮುಚ್ಚಿಟ್ಟೇ. 1 ಪಿಪಿಎಂನ ಟಿಸಿಎಕ್ಸ್‌ಒ (ತಾಪದ ಪರಿಣಾಮ ಸರಿದೂಗಿಸುವ ಆಸಿಲೇಟರ್) ಇದ್ದರೆ 10 ಮೆಗಾಹರ್ಟ್ಸ್‌ಗೆ 10 ಹರ್ಟ್ಸ್ ಹೆಚ್ಚುಕಮ್ಮಿ, 0.01 ಪಿಪಿಎಂನ ಒಸಿಎಕ್ಸ್‌ಒ (ಕ್ರಿಸ್ಟಲನ್ನು ಒಂದೇ ಬಿಸಿಯಲ್ಲಿಡುವ ಆಸಿಲೇಟರ್) ಇದ್ದರೆ 0.1 ಹರ್ಟ್ಸ್. ನಮಗೆ 145 ಮೆಗಾಹರ್ಟ್ಸ್‌ನಲ್ಲಿ 5 ಪಿಪಿಎಂ ಅಂದರೆ 725 ಹರ್ಟ್ಸ್, ಅದು ಸಣ್ಣದೇನಲ್ಲ.

ಬೇಸಿಗೆಯ ವಿಷಯಕ್ಕೂ ಕಾರಣ ಅದೇ. ಎಟಿ ಕಟ್ (ಒಂದು ಗೊತ್ತಾದ ಕೋನದಲ್ಲಿ ಕತ್ತರಿಸಿದ) ಕ್ರಿಸ್ಟಲ್‌ನ ಫ್ರೀಕ್ವೆನ್ಸಿ ತಾಪಕ್ಕೆ ಬದಲಾಗುವ ಗೆರೆ ನೇರ ಇರಲ್ಲ, ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿರುತ್ತದೆ. ಅದರ ನಡುಭಾಗ ಸುಮಾರು 25 ಡಿಗ್ರಿ ಆಸುಪಾಸು. ಕಲಬುರಗಿಯಲ್ಲಿ ಹೊರಗೆ 42 ಇದ್ದಾಗ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಕತ್ತರಿಸಿದ ಕೋನ ಒಂದೊಂದರಲ್ಲಿ ಒಂದಿಷ್ಟು ಬೇರೆ ಇರುವುದರಿಂದ ಎರಡು ಕ್ರಿಸ್ಟಲ್ ಒಂದೇ ಸೆಖೆಗೆ ಬೇರೆ ಬೇರೆ ಕಡೆ ಜಾರಬಹುದು. ಅಳೆಯುವ ಮೊದಲು ಎರಡನ್ನೂ ಅರ್ಧ ಗಂಟೆ ಆನ್ ಇಟ್ಟಿರಿ, ಫ್ಯಾನ್ ಗಾಳಿ ನೇರ ಬೀಳದಂತೆ.

ದಾಲ್ ಮಿಲ್ ಎಲೆಕ್ಟ್ರಿಷಿಯನ್, ಕಲಬುರಗಿ

ಮೇಡಂರಿ, ಮ್ಯಾಲಿನವರು ಮೆಗಾಹರ್ಟ್ಸ್ ಹೇಳ್ಯಾರ, ನಾ 50 ಹರ್ಟ್ಸಿಂದು ಹೇಳ್ತೀನಿ. ಒಂದ್ ಸೆಕೆಂಡಿನ ಗೇಟ್ ಸೈಕಲ್ ನಡುವ ತೆರಿತದ, ನಡುವೇ ಮುಚ್ಚತದ. ಅದಕ್ಕ ಒಂದು ಹೆಚ್ಚು ಇಲ್ಲ ಒಂದು ಕಮ್ಮಿ ಬಂದೇ ಬರ್ತದ. 10 ಮೆಗಾಹರ್ಟ್ಸಿನಾಗ ಆ ಒಂದು ಲೆಕ್ಕಕ್ಕಿಲ್ಲ, 50ರಾಗ ಅದು 2 ಪರ್ಸೆಂಟ್ ಆತು ನೋಡ್ರಿ. ಪೀರಿಯಡ್ ಬಟನ್ ಒತ್ರಿ, ಅದು ಒಂದ್ ಸೈಕಲ್‌ಗೆ ಹಿಡಿಯೋ ಟೈಮ್ ಅಳೀತದ. ಒಳಗಿನ ಕ್ಲಾಕ್ 10 ಮೆಗಾಹರ್ಟ್ಸ್ ಇದ್ರ 20 ಮಿಲಿಸೆಕೆಂಡಿನ ಒಂದ್ ಸೈಕಲ್‌ನಾಗ 2 ಲಕ್ಷ ಎಣಸ್ತದ, ಒಂದು ತಪ್ಪಿದ್ರ 5 ಪಿಪಿಎಂ ಅಷ್ಟೇ. ಆಮ್ಯಾಲ 1ನ್ನ ಪೀರಿಯಡ್‌ನಿಂದ ಭಾಗಿಸ್ರಿ. ಹೊಸ ರೆಸಿಪ್ರೊಕಲ್ ಕೌಂಟರ್‌ಗಳು ಇದನ್ನ ತಾವೇ ಮಾಡ್ತಾವ. ಆದ್ರ 50 ಹರ್ಟ್ಸಿನ ಸೈನ್ ವೇವ್ ಭಾಳ ಸಾವಕಾಶ ಏರ್ತದ. ಸ್ವಲ್ಪ ನಾಯ್ಸ್ ಇದ್ರೂ ಟ್ರಿಗರ್ (ಎಣಿಕಿ ಶುರು ಆಗೋ ಕ್ಷಣ) ಹಿಂದ ಮುಂದ ಆಗ್ತದ, ಅದಕ್ಕ 100 ಪೀರಿಯಡ್ ಸರಾಸರಿ ತಗೋರಿ.

ಇನ್ನೊಂದು: ಲೈನಿನ ಫ್ರೀಕ್ವೆನ್ಸಿನೇ ನಿಂತಲ್ಲಿ ನಿಲ್ಲಂಗಿಲ್ಲ. ಗ್ರಿಡ್‌ನಾಗ 49.90ರಿಂದ 50.05 ತನಕ ಇರಬೇಕಂತ ನಿಯಮ ಅದ. ಒಂದ್ ರೀಡಿಂಗ್‌ಗೂ ಮುಂದಿಂದಕ್ಕೂ ಫರಕ್ ಬಂದ್ರ ಕೌಂಟರಿಗೆ ಬಯ್ಯಬ್ಯಾಡ್ರಿ. ಟ್ರಾನ್ಸ್‌ಫಾರ್ಮರ್ ಹಚ್ಚೀರಿ, ಛಲೋ ಮಾಡೀರಿ. ಹುಡುಗರು ಸೀದಾ ಮೇನ್ಸಿಗೆ ಪ್ರೋಬ್ ಇಡದಂಗ ನೋಡ್ಕೋರಿ.

ನಮ್ಮ ಮಿಲ್‌ನಾಗ ಎಲಿವೇಟರ್ ಮೋಟಾರಿಗೆ ವಿಎಫ್‌ಡಿ (ಮೋಟಾರಿನ ಸ್ಪೀಡ್ ಬದಲಿಸೋ ಡ್ರೈವ್) ಅದ. ಡ್ರೈವ್ ಮ್ಯಾಲ 35 ಹರ್ಟ್ಸ್ ಬರ್ದದ, ಮೀಟರ್‌ನಾಗ ಸಾವಿರಗಟ್ಟಲೆ ತೋರಸ್ತದ. ಎರಡೂ ಖರೇನೇ. ಡ್ರೈವ್ ಹೊರಗ ಬಿಡೋದು ಪಿಡಬ್ಲ್ಯುಎಂ (ಅಗಲ ಹೆಚ್ಚು ಕಮ್ಮಿ ಆಗೋ) ಪಲ್ಸ್, ಮೀಟರ್ ಆ ಪಲ್ಸ್ ಎಣಸ್ತದ. ಆ ಜೋರಿನ ಪಲ್ಸ್ ತಡೆಯೋ ಲೋ ಪಾಸ್ ಫಿಲ್ಟರ್ ಇರೋ ಮೀಟರ್ ಇಟ್ರ 35 ಬರ್ತದ.

ಗಡಿಯಾರ ರಿಪೇರಿ ಅಂಗಡಿ, ಯಾದಗಿರಿ

ಪ್ರೋಬೇ ಅಳತೆ ಕೆಡಿಸುವ ಬಗ್ಗೆ ಯಾರೂ ಹೇಳಿಲ್ಲ. ಕ್ರಿಸ್ಟಲ್‌ನ ಕಾಲಿಗೇ ಪ್ರೋಬ್ ಹಚ್ಚಿದರೆ ನೀವು ಅಳೆಯೋದು ಬೇರೆ ಆಸಿಲೇಟರನ್ನು. ಪ್ರೋಬ್‌ನ ಕೆಪಾಸಿಟೆನ್ಸ್ ಕ್ರಿಸ್ಟಲ್‌ಗೆ ಲೋಡ್ ಆಗಿ ಫ್ರೀಕ್ವೆನ್ಸಿ ಇಳಿಯುತ್ತದೆ. ವಾಚಿನ 32,768 ಹರ್ಟ್ಸ್ ಕ್ರಿಸ್ಟಲ್ ಅಂತೂ ಕೆಲವೊಮ್ಮೆ ನಿಂತೇ ಹೋಗುತ್ತದೆ. 10ಎಕ್ಸ್ (ಸಿಗ್ನಲನ್ನು ಹತ್ತರಲ್ಲೊಂದು ಮಾಡುವ) ಪ್ರೋಬ್ ಕೂಡ ಹತ್ತು ಪಿಕೊಫ್ಯಾರಡ್‌ಗಿಂತ ಹೆಚ್ಚು ಸೇರಿಸುತ್ತದೆ, 1ಎಕ್ಸ್‌ದಂತೂ ಕೇಳಲೇಬೇಡಿ. ಬಫರ್ ಆದ (ಪ್ರೋಬ್‌ನ ಲೋಡ್ ಕ್ರಿಸ್ಟಲ್‌ಗೆ ತಟ್ಟದ) ಔಟ್‌ಪುಟ್ ಪಿನ್‌ನಲ್ಲೇ ತಗೊಳ್ಳಿ.

ಅನೇಕ ಕ್ವಾರ್ಟ್ಜ್ ವಾಚುಗಳಲ್ಲಿ ಕ್ರಿಸ್ಟಲನ್ನು ಬೇಕಂತಲೇ ಒಂಚೂರು ಜೋರಾಗಿ ಇಟ್ಟು, ಐಸಿ ಆಗಾಗ ಕೆಲವು ಪಲ್ಸ್ ಬಿಡುವ ಹಾಗೆ ಮಾಡಿರುತ್ತಾರೆ. ಅಲ್ಲಿ ಕೌಂಟರ್ ಹೆಚ್ಚು ತೋರಿಸಿದರೂ ಗಡಿಯಾರ ಸರಿಯಾಗೇ ಓಡುತ್ತಿರುತ್ತದೆ. ಬಿಸಿಲಿಗೆ ಈ ಜಾತಿಯ ಕ್ರಿಸ್ಟಲ್ ನಿಧಾನವೇ ಆಗೋದು: 25 ಡಿಗ್ರಿಯಿಂದ ಎಷ್ಟು ದೂರವೋ ಅದರ ವರ್ಗಕ್ಕೆ 0.034 ಪಿಪಿಎಂ. 43 ಡಿಗ್ರಿಯಲ್ಲಿ 11 ಪಿಪಿಎಂ, ದಿನಕ್ಕೆ ಸುಮಾರು ಒಂದು ಸೆಕೆಂಡ್ ಹಿಂದೆ. ಗೋಡೆ ಗಡಿಯಾರ ಬೇಸಿಗೆಯಲ್ಲಿ ಹಿಂದೆ ಬಿತ್ತು ಅಂತ ತರುವವರಿಗೆ ನಾನು ಇದನ್ನೇ ಹೇಳೋದು, ಯಾರೂ ನಂಬಲ್ಲ.

ಪ್ರಶ್ನೆ ಕೇಳಿದವರು

ಪೀರಿಯಡ್ ಮೋಡ್‌ನಲ್ಲಿ 50 ಹರ್ಟ್ಸ್ ಸರಿಯಾಗಿ ಬಂತು, ಧನ್ಯವಾದ. ಆ ಗೊತ್ತಿಲ್ಲದ ಮೂರರಲ್ಲಿ ಒಂದನ್ನಾದರೂ ಗಟ್ಟಿ ಮಾಡುವುದು ಹೇಗೆ? ದುಬಾರಿ ಅಲ್ಲದ ದಾರಿ ಇದೆಯೇ?

ಹ್ಯಾಮ್ ರೇಡಿಯೊ ಹವ್ಯಾಸಿ, ಬೀದರ್

ಹಿಂದೆ ದೆಹಲಿಯ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಎಟಿಎ ರೇಡಿಯೊ ಕೇಂದ್ರ 10 ಮೆಗಾಹರ್ಟ್ಸ್‌ನಲ್ಲಿ ಪ್ರಮಾಣ ಸಂಕೇತ ಬಿಡುತ್ತಿತ್ತು, ಈಗ ಅದಿಲ್ಲ. ಈಗಿನ ಸುಲಭ ದಾರಿ ಜಿಪಿಎಸ್. ಸೆಕೆಂಡಿಗೊಂದು ಪಲ್ಸ್ ಕೊಡುವ ಪಿಪಿಎಸ್ ಪಿನ್ ಇರುವ ಸಣ್ಣ ಮಾಡ್ಯೂಲ್ ತಗೊಳ್ಳಿ. ಆಂಟೆನಾ ಕಿಟಕಿಯ ಹೊರಗಿಡಿ, ಫಿಕ್ಸ್ ಆಗುವವರೆಗೆ ಕಾಯಿರಿ. ಆ ಪಲ್ಸನ್ನು ಕೌಂಟರಿಗೆ ಕೊಟ್ಟು ಪೀರಿಯಡ್ ಅಳೆಯಿರಿ. ಪಲ್ಸ್ ಒಂದಿಷ್ಟು ಹತ್ತಾರು ನ್ಯಾನೊಸೆಕೆಂಡ್ ನಡುಗಿದರೂ 0.1 ಪಿಪಿಎಂ ನೋಡಲು ಅಡ್ಡಿಯಿಲ್ಲ.

ಇಲ್ಲಿ ಹುಡುಗರು ತಲೆಕೆಳಗು ಮಾಡಿಕೊಳ್ಳುತ್ತಾರೆ, ಎಚ್ಚರ. ಹೊಸ ಕೌಂಟರ್ 1.0000038 ಸೆಕೆಂಡ್ ತೋರಿಸಿದರೆ ಅದರ ಒಳಗಿನ ಕ್ಲಾಕ್ 3.8 ಪಿಪಿಎಂ ಜೋರು. ಕ್ಲಾಕ್ ಜೋರಾದರೆ ಗೇಟ್ ಬೇಗ ಮುಚ್ಚುತ್ತದೆ, ಆದ್ದರಿಂದ ಫ್ರೀಕ್ವೆನ್ಸಿ ಕಡಿಮೆ ಬರುತ್ತದೆ. ಅದರ 99,99,962ಕ್ಕೆ 38 ಸೇರಿಸಿದರೆ ನಿಮ್ಮ ಆಸಿಲೇಟರ್ ಸರಿಯಾಗಿ ಒಂದು ಕೋಟಿ ಅಂತಾಯ್ತು.

ನಿವೃತ್ತ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ವಾಡಿ

ಸಿಮೆಂಟ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಮೀಟರ್‌ಗಳನ್ನು ಕ್ಯಾಲಿಬ್ರೇಶನ್‌ಗೆ ಕಳಿಸಿದವನು ನಾನು. ಮೇಡಂ, ಒಂದನ್ನೇ ಕಳಿಸಿ, ಹೊಸದನ್ನು. ಕಳಿಸುವ ಮೊದಲು ಟ್ರಿಮ್ಮರ್ (ಒಳಗಿನ ಕ್ಲಾಕ್ ಹೊಂದಿಸುವ ತಿರುಪು) ಮುಟ್ಟಲು ಯಾರಿಗೂ ಬಿಡಬೇಡಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ, ಹೊಂದಿಸುವ ಮುಂಚೆ ಎಷ್ಟಿತ್ತು, ಹೊಂದಿಸಿದ ಮೇಲೆ ಎಷ್ಟು, ಎರಡೂ ಬರೆದುಕೊಡಿ ಅಂತ ಕೇಳಿ. ಬರೀ ಸ್ಟಿಕ್ಕರ್ ಅಂಟಿಸಿ ಕೊಟ್ಟರೆ ತಗೊಳ್ಳಬೇಡಿ, ಅನಿಶ್ಚಿತತೆಯ ಅಂಕಿ ಸರ್ಟಿಫಿಕೇಟ್‌ನಲ್ಲಿ ಇರಲೇಬೇಕು. ಅವರು ಅಳೆಯೋದು ಎಸಿ ಕೋಣೆಯಲ್ಲಿ, ನೀವು ಬಳಸೋದು ನಮ್ಮ ಮೇ ತಿಂಗಳಲ್ಲಿ. ಕ್ರಿಸ್ಟಲ್‌ಗೆ ವಯಸ್ಸಾದಂತೆ ಫ್ರೀಕ್ವೆನ್ಸಿಯೂ ಸರಿಯುತ್ತದೆ. ತಿಂಗಳಿಗೊಮ್ಮೆ ಜಿಪಿಎಸ್ ಪಲ್ಸ್‌ನ ರೀಡಿಂಗ್ ಜೊತೆ ಕೋಣೆಯ ತಾಪಮಾನವನ್ನೂ ರಿಜಿಸ್ಟರಿನಲ್ಲಿ ಬರೆದಿಡಿ.

ಹಳೆಯದಕ್ಕೆ ಖರ್ಚು ಮಾಡಬೇಡಿ. ಅದರ ಹಿಂದೆ ಹೊರಗಿನ 10 ಮೆಗಾಹರ್ಟ್ಸ್ ರೆಫರೆನ್ಸ್ ಕೊಡುವ ಬಿಎನ್‌ಸಿ (ಕೇಬಲ್ ಸಾಕೆಟ್) ಇದೆಯಾ ನೋಡಿ. ಹೊಸದರಲ್ಲೂ ಇದ್ದರೆ ಒಂದು ಒಸಿಎಕ್ಸ್‌ಒ ತಂದು ಎರಡಕ್ಕೂ ಅದನ್ನೇ ಕೊಡಬಹುದು. ಆಗ ಎರಡೂ ಒಂದೇ ಸಂಖ್ಯೆ ತೋರಿಸುತ್ತವೆ, ಒಸಿಎಕ್ಸ್‌ಒ ತಪ್ಪಿದ್ದರೆ ಎರಡೂ ಒಟ್ಟಿಗೇ ತಪ್ಪು ತೋರಿಸುತ್ತವೆ. ಹಾಗಾಗಿ ಮೊದಲು ಜಿಪಿಎಸ್ ಮಾಡ್ಯೂಲ್, ಆಮೇಲೆ ಒಸಿಎಕ್ಸ್‌ಒ.