ಐವರು ಗೆಳತಿಯರ ನಾಟಕ: ಮಾತೆಲ್ಲ ಬಂದಿದೆ, ಗೆಳೆತನ ಕಾಣುತ್ತಿಲ್ಲ

ತಾಲೀಮು_ಕೋಣೆ:
ಹವ್ಯಾಸಿ ತಂಡ, ಐದೇ ಸ್ತ್ರೀಪಾತ್ರ, 70 ನಿಮಿಷದ ನಾಟಕ. ಹಳೆಯ ಸಹಪಾಠಿಗಳು ಒಬ್ಬಳ ಮನೆಯಲ್ಲಿ ಸೇರುವ ಕಥೆ. ಐವರೂ ಕೊನೆತನಕ ರಂಗದ ಮೇಲೇ ಇರುತ್ತಾರೆ. ಮಾತು ಬಾಯಿಪಾಠವಾಗಿದೆ. ಆದರೆ ಒಬ್ಬರು ಮುಗಿಸಿದ ಮೇಲೇ ಇನ್ನೊಬ್ಬರು ಶುರುಮಾಡುವುದರಿಂದ ಭಾಷಣ ಸ್ಪರ್ಧೆಯಂತೆ ಕೇಳುತ್ತಿದೆ. ಎಲ್ಲರೂ ಅರ್ಧಚಂದ್ರಾಕಾರದಲ್ಲಿ ನಿಂತುಬಿಡುತ್ತಾರೆ. ಪ್ರದರ್ಶನಕ್ಕೆ ಆರು ವಾರವಿದೆ. ಎಲ್ಲಿಂದ ಸರಿಪಡಿಸಬೇಕು?

ನೇಪಥ್ಯ:
ಮೊದಲು ಮಾತಿನಿಂದ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅಪರಿಚಿತರು ಅದಕ್ಕಾಗಿ ಕಾಯುತ್ತಾರೆ, ಗೆಳತಿ ಕಾಯುವುದಿಲ್ಲ. ಅವಳಿಗೆ ಮುಂದಿನದು ಗೊತ್ತು. ಪ್ರತಿ ಮಾತಿನಲ್ಲೂ ಅರ್ಥ ಹೊಳೆಯುವ ಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಆಯ್ದ ಕಡೆ ಮುಂದಿನವಳು ಅಲ್ಲಿಂದಲೇ ಎತ್ತಿಕೊಳ್ಳಲಿ. ಆದರೆ ಹೀಗೆ ಮಾತಿನ ಮೇಲೆ ಮಾತು ಬೀಳುವ ಜಾಗ ಇಡೀ ನಾಟಕದಲ್ಲಿ ಎಂಟು ಹತ್ತು ಸಾಕು. ಕಥೆ ತಿರುಗುವ ಮಾತು ಇದರಲ್ಲಿ ಮುಳುಗಬಾರದು.

ಒಂದು ಎಚ್ಚರಿಕೆ: ತಡೆಯಲ್ಪಟ್ಟವಳ ವಾಕ್ಯವನ್ನು ಪೂರ್ತಿ ಬರೆದುಕೊಡಿ, ಅವಳು ದನಿ ತಗ್ಗಿಸಿ ಮುಗಿಸಲಿ. ಚುಕ್ಕಿ ಚುಕ್ಕಿ ಇಟ್ಟು ಬಿಟ್ಟರೆ ಅಲ್ಲಿಗೆ ನಿಂತು ಕಾಯುತ್ತಾಳೆ. ಆ ಅರೆಕ್ಷಣದ ಖಾಲಿ ಹಿಂದಿನ ಸಾಲಿಗೂ ಕೇಳಿಸುತ್ತದೆ.

ವಾರಕ್ಕೊಮ್ಮೆ ಐವರನ್ನೂ ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಅಭಿನಯವಿಲ್ಲದೆ ಇಮ್ಮಡಿ ವೇಗದಲ್ಲಿ ಮಾತು ಹೇಳಿಸಿ. ಯಾವ ಕ್ಯೂ (ಮುಂದಿನವಳು ಮಾತು ಎತ್ತಿಕೊಳ್ಳಬೇಕಾದ ಸೂಚನೆ) ಸಡಿಲ ಎಂಬುದು ತಕ್ಷಣ ಸಿಕ್ಕಿಬೀಳುತ್ತದೆ.

ಮೂರನೆ_ಬೆಲ್:
ಅರ್ಧಚಂದ್ರ ಆಗುವುದು ಕೈಗೆ ಕೆಲಸವಿಲ್ಲದ್ದರಿಂದ. ಕುರ್ಚಿ ನಾಲ್ಕೇ ಇಡಿ. ಯಾವಾಗಲೂ ಒಬ್ಬಳಿಗೆ ಜಾಗವಿರುವುದಿಲ್ಲ, ಚಲನೆ ತಾನಾಗಿ ಹುಟ್ಟುತ್ತದೆ. ಯಾರು ಎದ್ದು ಯಾರಿಗೆ ಜಾಗ ಕೊಟ್ಟರು ಎನ್ನುವುದೇ ಸಂಬಂಧವನ್ನು ಹೇಳುತ್ತದೆ.

ಜಗಳದ ದೃಶ್ಯಕ್ಕೆ ದೊಡ್ಡ ಬೆಡ್‌ಶೀಟ್ ಮಡಚುವ ಕೆಲಸ ಕೊಟ್ಟುನೋಡಿ. ಅದಕ್ಕೆ ಇಬ್ಬರು ಬೇಕೇ ಬೇಕು. ಸಿಟ್ಟಿದ್ದರೂ ಮಡಿಕೆಗೊಮ್ಮೆ ಹತ್ತಿರ ಬರಲೇಬೇಕು. ಅಪ್ಪುಗೆಗಿಂತ ಇದು ನೂರು ಪಾಲು ಮೇಲು. ನಿಜವಾದ ಪರಿಕರಗಳು ಇವತ್ತಿನಿಂದಲೇ ತಾಲೀಮಿಗೆ ಬರಲಿ, ಕೊನೆಯ ವಾರ ಕೊಟ್ಟರೆ ಮಾತು ಮರೆಯುತ್ತದೆ. ಸ್ಟೀಲ್ ಪಾತ್ರೆಯ ಸದ್ದು ಮಾತನ್ನು ನುಂಗುತ್ತದೆ, ಟ್ರೇ ಮೇಲೆ ದಪ್ಪ ಬಟ್ಟೆ ಹಾಸಿ.

ನೆಲದ ಮೇಲೆ ಕೂರಿಸುವ ಮುಂಚೆ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ನೋಡಿ. ಇಳಿಜಾರಿಲ್ಲದ ಹಾಲ್‌ನಲ್ಲಿ ತಲೆಗಳ ನಡುವೆ ಏನೂ ಕಾಣದು. ಒಂದು ಅಡಿ ಎತ್ತರದ ಲೆವೆಲ್ (ರಂಗದ ಮೇಲಿಡುವ ಕಟ್ಟೆ) ಬೇಕಾಗುತ್ತದೆ.

ತಾಲೀಮು_ಕೋಣೆ:
ಬೆಡ್‌ಶೀಟ್ ನಾಳೆಯೇ ತರುತ್ತೇವೆ. ಆದರೆ ನಾಟಕದಲ್ಲಿ ಇಬ್ಬರ ಅಪ್ಪುಗೆಯೂ ಇದೆ, ಅದನ್ನು ತೆಗೆಯುವಂತಿಲ್ಲ, ಕಥೆಗೆ ಬೇಕು.

ನೇಪಥ್ಯ:
ಹಾಗಿದ್ದರೆ ಇಬ್ಬರನ್ನೂ ಕೇಳಿ, ಅವರಿಗೆ ಒಪ್ಪಿಗೆಯಾದ ರೀತಿಯನ್ನೇ ನಿಗದಿಮಾಡಿ: ಮೊದಲು ಕೈಚಾಚುವವರು ಯಾರು, ತಲೆ ಯಾವ ಭುಜದ ಕಡೆ, ಬಿಡುವವರು ಯಾರು. ಪ್ರೇಕ್ಷಕರಿಗೆ ಒಂದೇ ಮುಖ ಕಾಣುತ್ತದೆ. ಆ ಕ್ಷಣ ಯಾರದ್ದೋ ಅವಳ ಮುಖ ಮುಂದಕ್ಕಿರಲಿ. ಕಾಲರ್ ಮೈಕ್ ಇದ್ದರೆ ಉಜ್ಜಿ ಕರಕರ ಎನ್ನುತ್ತದೆ, ಆ ಹೊತ್ತಿಗೆ ಸೌಂಡ್‌ನವರು ದನಿ ಇಳಿಸುವಂತೆ ಗುರುತು ಹಾಕಿಕೊಡಿ.

ಮೂರನೆ_ಬೆಲ್:
ಇನ್ನೊಂದು. ಐದೂ ಹೆಣ್ಣುದನಿಗಳಾದ್ದರಿಂದ ಗುಂಪಿನಲ್ಲಿ ಮಾತಾಡಿದ್ದು ಯಾರೆಂದು ದೂರದವರಿಗೆ ತಿಳಿಯುವುದಿಲ್ಲ. ಮಾತು ಶುರುಮಾಡುವವಳು ಸ್ವಲ್ಪ ಅಲುಗಲಿ, ಉಳಿದವರು ನಿಶ್ಚಲವಾಗಿರಲಿ. ಒಬ್ಬರು ಬರಲಿಲ್ಲವೆಂದು ತಾಲೀಮು ರದ್ದುಮಾಡಬೇಡಿ. ಸ್ಕ್ರಿಪ್ಟನ್ನು ಇಬ್ಬರ, ಮೂವರ ತುಣುಕುಗಳಾಗಿ ಮೊದಲೇ ವಿಂಗಡಿಸಿಟ್ಟರೆ ಬಂದವರಿಗೆ ಆ ದಿನದ ಕೆಲಸ ಸಿಗುತ್ತದೆ.